ಹೊಸ ಕಂಪ್ಯೂಟರ್ ಜೋಡಣೆ: ವಿಂಡೋಸ್ ಪರವಾನಗಿ ಕೈತಪ್ಪದಂತೆ ದಾಟಿಸುವ ಕ್ರಮ

ಮಂಗಳೂರಿನಿಂದ ಬಿಡಿಭಾಗ ತಂದು ಮನೆಯಲ್ಲೇ ಕಂಪ್ಯೂಟರ್ ಜೋಡಿಸಿಕೊಳ್ಳುವವರು ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಉಪ್ಪಳ ಕಡೆಗಳಲ್ಲಿ ಈಗ ಬೇಕಾದಷ್ಟಿದ್ದಾರೆ. ಸ್ಕ್ರೂ ಬಿಗಿಯುವುದರಲ್ಲಿ, ತಂತಿ ಸಿಕ್ಕಿಸುವುದರಲ್ಲಿ ಎಡವುವವರು ಕಡಿಮೆ. ತೊಂದರೆ ಶುರುವಾಗುವುದು ಯಂತ್ರ ಚಾಲೂ ಆದ ಮೇಲೆ. ಪರದೆಯ ಬಲಮೂಲೆಯಲ್ಲಿ ‘ಆಕ್ಟಿವೇಟ್ ವಿಂಡೋಸ್’ ಎಂಬ ಮಸುಕು ಬರಹ ಬಂದು ಕುಳಿತುಕೊಳ್ಳುತ್ತದೆ. ಪರವಾನಗಿ ಇನ್ನೂ ಖಚಿತವಾಗಿಲ್ಲ (ಆಕ್ಟಿವೇಟ್ ಆಗಿಲ್ಲ) ಎಂದು ಅದರ ಅರ್ಥ. ಹಳೆಯ ಕೀ, ಅಂದರೆ ಪರವಾನಗಿಯ 25 ಅಕ್ಷರಗಳ ಗುರುತು, ಹಾಕಿದರೆ ಒಪ್ಪುವುದಿಲ್ಲ. ಹಳೆಯ ಡಿಸ್ಕ್ ಜೋಡಿಸಿದರೆ ಡಿಸ್ಕಿನ ಬೀಗ ತೆಗೆಯುವ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅಷ್ಟು ಹೊತ್ತಿಗೆ ಹಳೆಯ ಮದರ್‌ಬೋರ್ಡು (ಬಿಡಿಭಾಗಗಳನ್ನೆಲ್ಲ ಜೋಡಿಸುವ ಮುಖ್ಯ ಫಲಕ) ಗುಜರಿಗೆ ಹೋಗಿರುತ್ತದೆ.

ಇದರಲ್ಲಿ ಮುಕ್ಕಾಲು ಪಾಲು ತೊಂದರೆ ಕೆಲಸದ ಕ್ರಮ ತಪ್ಪಿದ್ದರಿಂದ ಬರುವಂಥದ್ದು. ವಿಂಡೋಸ್ ಪರವಾನಗಿಯ ಗುರುತು ಅಂಟಿಕೊಂಡಿರುವುದು ಡಿಸ್ಕಿಗಲ್ಲ, ಮುಖ್ಯವಾಗಿ ಮದರ್‌ಬೋರ್ಡಿಗೆ. ಆ ಬೋರ್ಡು ಓಡುತ್ತಿರುವಾಗ ಮಾತ್ರ ಮಾಡಬಹುದಾದ ಕೆಲವು ಕೆಲಸಗಳಿವೆ. ಬಿಚ್ಚಿದ ಮೇಲೆ ಅವನ್ನು ಮಾಡಲು ದಾರಿಯಿಲ್ಲ. ಆದ್ದರಿಂದ ಈ ಮಾರ್ಗದರ್ಶಿಯ ಮೊದಲ ಎರಡು ಹಂತಗಳನ್ನು ಹೊಸ ಬಿಡಿಭಾಗಗಳ ಪೆಟ್ಟಿಗೆ ಒಡೆಯುವ ಮೊದಲೇ ಮುಗಿಸಿ.

ಕೈಯಲ್ಲಿ ಇರಬೇಕಾದವು

8 ಜಿಬಿ ಅಥವಾ ಹೆಚ್ಚಿನ ಒಂದು ಖಾಲಿ ಪೆನ್‌ಡ್ರೈವ್, ಚಾಲಕ ತಂತ್ರಾಂಶಗಳಿಗೆ (ಬಿಡಿಭಾಗಗಳನ್ನು ನಡೆಸುವ ಡ್ರೈವರುಗಳಿಗೆ) ಇನ್ನೊಂದು ಪೆನ್‌ಡ್ರೈವ್, ಕಡತಗಳ ನಕಲಿಗೆ ಹೊರಗಿನ ಹಾರ್ಡ್‌ಡಿಸ್ಕ್, ನೆನಪಿರುವ ಪಾಸ್‌ವರ್ಡಿನೊಂದಿಗೆ ಮೈಕ್ರೋಸಾಫ್ಟ್ ಖಾತೆ, ಆ ಖಾತೆಗೆ ಕೊಟ್ಟ ಮೊಬೈಲ್ ಸಂಖ್ಯೆಯ ಸಿಮ್, ಒಂದು ಯುಎಸ್‌ಬಿ ಕೇಬಲ್ ಮತ್ತು ಯುಪಿಎಸ್.

ಸಿಮ್ ವಿಷಯ ಸಣ್ಣದೆಂದು ತಳ್ಳಿಬಿಡಬೇಡಿ. ಗಲ್ಫಿನಲ್ಲಿದ್ದಾಗ ಅಲ್ಲಿನ ಸಂಖ್ಯೆ ಕೊಟ್ಟು ಖಾತೆ ತೆರೆದವರು ಊರಿಗೆ ಬಂದ ಮೇಲೆ ಒಟಿಪಿ ಬಾರದೆ ಒದ್ದಾಡುತ್ತಾರೆ. ಈಗಲೇ ಖಾತೆಯ ಭದ್ರತಾ ಪುಟಕ್ಕೆ ಹೋಗಿ ಇಲ್ಲಿನ ಸಂಖ್ಯೆ ಸೇರಿಸಿ.

ಯುಪಿಎಸ್ ಏಕೆಂದರೆ ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಹೋಗುವುದಕ್ಕೆ ಮುನ್ಸೂಚನೆ ಇರುವುದಿಲ್ಲ. ಬಯೋಸ್ (ಯಂತ್ರ ಏಳುವಾಗ ಮೊದಲು ಓಡುವ, ಬೋರ್ಡಿನೊಳಗಿನ ತಂತ್ರಾಂಶ) ನವೀಕರಿಸುವಾಗ ಕರೆಂಟು ಹೋದರೆ ಹೊಸ ಬೋರ್ಡು ಏಳದೇ ಹೋಗಬಹುದು. ಮನೆಯ ಇನ್ವರ್ಟರ್ ಸಾಕೆಂದು ನಂಬುವವರು ಅದರ ಹಿಂದಿನ ಗುಂಡಿ ನೋಡಿ: ಯುಪಿಎಸ್ ಮೋಡ್‌ನಲ್ಲಿ ಇಲ್ಲದಿದ್ದರೆ, ಲೈನಿನಿಂದ ಬ್ಯಾಟರಿಗೆ ದಾಟುವ ಆ ಕ್ಷಣದಲ್ಲಿ ಕಂಪ್ಯೂಟರ್ ಆರಿ ಹೋಗುವ ಸಾಧ್ಯತೆ ಹೆಚ್ಚು.

ಹಂತ 1: ನಿಮ್ಮಲ್ಲಿರುವುದು ಯಾವ ಪರವಾನಗಿ?

ಹಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಕೀಲಿಯೊಂದಿಗೆ ಆರ್ ಒತ್ತಿ. ಬರುವ ಪುಟ್ಟ ಕಿಟಕಿಯಲ್ಲಿ ಎಸ್, ಎಲ್, ಎಂ, ಜಿ, ಆರ್ ಎಂಬ ಐದು ಇಂಗ್ಲಿಷ್ ಅಕ್ಷರಗಳನ್ನು ಸೇರಿಸಿ ಬರೆದು, ಒಂದು ಜಾಗ ಬಿಟ್ಟು, ಪ್ರಶ್ನೆಚಿಹ್ನೆಯ ಕೀಲಿಯಲ್ಲೇ ಇರುವ ಓರೆಗೆರೆ ಹಾಕಿ, ಅದಕ್ಕಂಟಿಸಿ ಡಿ, ಎಲ್, ಐ ಎಂದು ಬರೆದು ಎಂಟರ್ ಒತ್ತಿ. ಕೆಲವು ಕ್ಷಣಗಳಲ್ಲಿ ಒಂದು ಚೌಕ ತೆರೆಯುತ್ತದೆ. ಅದನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಎರಡು ವಿಷಯ ಮುಖ್ಯ: ‘ಡಿಸ್ಕ್ರಿಪ್ಷನ್’ ಸಾಲಿನಲ್ಲಿರುವ ಚಾನೆಲ್ (ಪರವಾನಗಿಯ ಬಗೆ) ಹೆಸರು ಮತ್ತು ‘ಪಾರ್ಶಿಯಲ್ ಪ್ರಾಡಕ್ಟ್ ಕೀ’ ಎದುರು ಇರುವ ಐದು ಅಕ್ಷರಗಳು.

ಒಇಎಂ ಎಂದು ಶುರುವಾದರೆ, ವಿಂಡೋಸ್ ಆ ಯಂತ್ರದೊಂದಿಗೆ ಬಂದದ್ದು. ಇದು ಪಂಚಾಯತಿ ಕೊಡುವ ಮನೆ ನಂಬರಿನ ಹಾಗೆ. ನೀವು ಮನೆ ಬಿಟ್ಟು ಹೋದರೂ ನಂಬರು ಅಲ್ಲೇ ಉಳಿಯುತ್ತದೆ. ಲ್ಯಾಪ್‌ಟಾಪಿನ ವಿಂಡೋಸನ್ನು ಹೊಸ ಡೆಸ್ಕ್‌ಟಾಪಿಗೆ ತರಬಹುದೇ ಎಂದು ಕೇಳುವವರು ಬಹಳ. ಲ್ಯಾಪ್‌ಟಾಪು ದುಬೈಯಲ್ಲಿ ಕೊಂಡದ್ದಿರಲಿ ಕಾಸರಗೋಡಿನಲ್ಲಿ ಕೊಂಡದ್ದಿರಲಿ, ಉತ್ತರ ಒಂದೇ: ತರುವಂತಿಲ್ಲ. ಈ ವರ್ಗಕ್ಕೆ ಸೇರಿದವರು ನೇರವಾಗಿ ಹೊಸ ಪರವಾನಗಿಯ ಖರ್ಚನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ವಾಲ್ಯೂಮ್ ಎಂದಿದ್ದರೆ ಅದು ಸಂಸ್ಥೆಗಳಿಗೆ ಕೊಡುವ ಪರವಾನಗಿ. ಕಚೇರಿಗಳು ಹಳತಾಯಿತೆಂದು ಮಾರಿದ ಡೆಸ್ಕ್‌ಟಾಪುಗಳಲ್ಲಿ ಇದು ಆಗಾಗ ಕಾಣುತ್ತದೆ. ಇದರಲ್ಲಿ ಕೆಎಂಎಸ್ ಎಂಬ ಬಗೆಯದು ಸಂಸ್ಥೆಯ ಸರ್ವರನ್ನು ಮತ್ತೆ ಮತ್ತೆ ಸಂಪರ್ಕಿಸುತ್ತಿರಬೇಕು. ಸಂಪರ್ಕ ಸಿಗದಿದ್ದರೆ 180 ದಿನಗಳಲ್ಲಿ ಆಕ್ಟಿವೇಶನ್ ಮುಗಿಯುತ್ತದೆ. ಕೊಂಡಾಗ ಎಲ್ಲ ಸರಿಯಿತ್ತು, ಆರು ತಿಂಗಳ ಮೇಲೆ ಕೆಟ್ಟಿತು ಎಂಬ ದೂರಿನ ಗುಟ್ಟು ಇಲ್ಲಿದೆ. ಇದೂ ನಿಮ್ಮದಲ್ಲ, ದಾಟಿಸುವಂಥದ್ದಲ್ಲ.

ರಿಟೇಲ್ (ಬಿಡಿಯಾಗಿ ಕೊಂಡದ್ದು) ಎಂದಿದ್ದರೆ ದಾಟಿಸಬಹುದು, ಒಂದು ಸಲಕ್ಕೆ ಒಂದೇ ಯಂತ್ರದಲ್ಲಿ ಬಳಸುವ ಷರತ್ತಿನ ಮೇಲೆ. ಆದರೆ ಇಲ್ಲಿ ಸ್ವಲ್ಪ ನಿಲ್ಲಿ. ಅತಿ ಹೆಚ್ಚು ಜನ ಮೋಸ ಹೋಗುವುದು ಈ ಸಾಲಿನಲ್ಲೇ.

ವಿಂಡೋಸ್ 7 ಅಥವಾ 8ರಿಂದ ಉಚಿತವಾಗಿ 10ಕ್ಕೆ ಏರಿದ ಯಂತ್ರಗಳೂ ರಿಟೇಲ್ ಎಂದೇ ತೋರಿಸುತ್ತವೆ. ಅವುಗಳಲ್ಲಿರುವುದು ಮೈಕ್ರೋಸಾಫ್ಟ್ ಎಲ್ಲರಿಗೂ ಹಂಚಿದ ಒಂದೇ ಸಾಮಾನ್ಯ ಕೀ. ಐದು ಅಕ್ಷರಗಳನ್ನು ನೋಡಿದರೆ ಗೊತ್ತಾಗುತ್ತದೆ: ಪ್ರೊ ಆವೃತ್ತಿಯಲ್ಲಿ ಮೂರು, ವಿ, ಆರು, ಆರು, ಟಿ, ಹೋಮ್ ಆವೃತ್ತಿಯಲ್ಲಿ ಎಂಟು, ಎಚ್, ವಿ, ಎಕ್ಸ್, ಏಳು, ಹೋಮ್ ಸಿಂಗಲ್ ಲ್ಯಾಂಗ್ವೇಜಿನಲ್ಲಿ ಆರು, ಎಫ್, ನಾಲ್ಕು, ಬಿ, ಟಿ. ಕೊನೆಯ ಐದು ಅಕ್ಷರ ಇವುಗಳಲ್ಲಿ ಒಂದಾದರೆ ಆ ಕೀ ನಿಮ್ಮ ಸ್ವಂತದ್ದಲ್ಲ. ಕೀ ಹುಡುಕಿಕೊಡುವ ತಂತ್ರಾಂಶ ಓಡಿಸಿ, ಸಿಕ್ಕ 25 ಅಕ್ಷರಗಳನ್ನು ಡೈರಿಯಲ್ಲಿ ಬರೆದು, ಪರವಾನಗಿ ಭದ್ರವಾಯಿತೆಂದು ನೆಮ್ಮದಿಯಿಂದ ಬೋರ್ಡು ಕಿತ್ತವರು ಬರೆದುಕೊಂಡಿರುವುದು ಸಾಮಾನ್ಯವಾಗಿ ಇದನ್ನೇ. ಇದರಿಂದ ವಿಂಡೋಸ್ ಇನ್‌ಸ್ಟಾಲ್ ಆಗುತ್ತದೆ, ಆಕ್ಟಿವೇಟ್ ಆಗುವುದಿಲ್ಲ.

ಇಂಥ ಯಂತ್ರದಲ್ಲಿ ಹಕ್ಕು ಯಾವುದೆಂದು ತಿಳಿಯಲು ಮೂಲ ವಿಂಡೋಸ್ ಹೇಗೆ ಬಂತೆಂದು ನೆನಪಿಸಿಕೊಳ್ಳಬೇಕು. ಕ್ಯಾಬಿನೆಟ್ಟಿನ ಬದಿಯಲ್ಲಿ ತಯಾರಕರ ಸ್ಟಿಕ್ಕರ್ ಇದ್ದರೆ ಒಇಎಂ. ಪ್ರತ್ಯೇಕ ಪೆಟ್ಟಿಗೆಯಲ್ಲಿ ಡಿವಿಡಿಯೊಂದಿಗೆ ಪೂರ್ಣ ಆವೃತ್ತಿ ಕೊಂಡಿದ್ದರೆ ರಿಟೇಲ್. ಹಳೆಯ 7 ಅಥವಾ 8ರ ಕೀಯನ್ನೇ ಹೊಸ ವಿಂಡೋಸಿಗೆ ಹಾಕುವ ದಾರಿಯನ್ನು ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಈಗಲೂ ಅದು ನಡೆಯುತ್ತದೆಂದು ಹೇಳುವ ವಿಡಿಯೋಗಳು ಹಳೆಯವು. ಹಾಗಾಗಿ ಪೆಟ್ಟಿಗೆ ಇದ್ದವರಿಗೂ ಮುಂದಿನ ಹಂತದ ಖಾತೆ ಜೋಡಣೆಯೇ ಗತಿ.

ಕೊನೆಯದಾಗಿ ಆವೃತ್ತಿಯ ಹೆಸರು ಬರೆದುಕೊಳ್ಳಿ: ಹೋಮ್, ಹೋಮ್ ಸಿಂಗಲ್ ಲ್ಯಾಂಗ್ವೇಜ್, ಪ್ರೊ. ಒಂದರ ಪರವಾನಗಿ ಇನ್ನೊಂದನ್ನು ಆಕ್ಟಿವೇಟ್ ಮಾಡುವುದಿಲ್ಲ.

ಹಂತ 2: ಹಳೆಯ ಯಂತ್ರ ಓಡುತ್ತಿರುವಾಗಲೇ ಮುಗಿಸಬೇಕಾದವು

*ಖಾತೆಗೆ ಜೋಡಣೆ.* ಸೆಟ್ಟಿಂಗ್ಸ್ ತೆರೆದು ಆಕ್ಟಿವೇಶನ್ ಪುಟಕ್ಕೆ ಹೋಗಿ. ‘ಡಿಜಿಟಲ್ ಲೈಸೆನ್ಸ್’ ಎಂದಷ್ಟೇ ಇದ್ದರೆ ಸಾಲದು. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಜೋಡಣೆಯಾಗಿದೆ ಎಂಬ ಮಾತೂ ಅದೇ ಸಾಲಿನಲ್ಲಿ ಇರಬೇಕು. ಇಲ್ಲದಿದ್ದರೆ ಅಲ್ಲೇ ಇರುವ ‘ಆ್ಯಡ್ ಅಕೌಂಟ್’ ಒತ್ತಿ ಅಡ್ಮಿನಿಸ್ಟ್ರೇಟರ್ ಬಳಕೆದಾರರಾಗಿ ಖಾತೆ ಸೇರಿಸಿ. ಕಾಲೇಜು ಅಥವಾ ಕಚೇರಿ ಕೊಟ್ಟ ಖಾತೆ ಇದಕ್ಕೆ ಆಗದು, ವೈಯಕ್ತಿಕ ಖಾತೆಯೇ ಬೇಕು. ಆಮೇಲೆ ಬ್ರೌಸರಿನಲ್ಲಿ ಖಾತೆಯ ‘ಡಿವೈಸಸ್’ ಪಟ್ಟಿ ನೋಡಿ, ಹಳೆಯ ಕಂಪ್ಯೂಟರಿಗೆ ಗುರುತು ಸಿಗುವಂಥ ಹೆಸರು ಕೊಡಿ. ಡೆಸ್ಕ್‌ಟಾಪ್ ಎಂದು ಶುರುವಾಗಿ ಅರ್ಥವಿಲ್ಲದ ಅಕ್ಷರಗಳಲ್ಲಿ ಮುಗಿಯುವ ನಾಲ್ಕು ಹೆಸರುಗಳ ನಡುವೆ ನಿಮ್ಮದು ಯಾವುದೆಂದು ನಂತರ ಊಹಿಸುವ ಕೆಲಸ ತಪ್ಪುತ್ತದೆ.

*ಬಿಟ್‌ಲಾಕರ್.* ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ವ್ಯವಸ್ಥೆ ಇದು. ನಾನು ಅತಿ ಹೆಚ್ಚು ಒತ್ತಿ ಹೇಳುವುದು ಇದನ್ನು, ಏಕೆಂದರೆ ಪರವಾನಗಿ ಹೋದರೆ ಹಣ ಕೊಟ್ಟು ಇನ್ನೊಂದು ತರಬಹುದು, ಮಗುವಿನ ನಾಮಕರಣದ ಫೋಟೋ ತರಲಾಗದು. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಈಚೆಗೆ, ಹೊಸದಾಗಿ ಇನ್‌ಸ್ಟಾಲ್ ಮಾಡಿ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದರೆ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಹೋಗುತ್ತದೆ. ಅದರ ಬೀಗದ ಕೈ ಇರುವುದು ಹಳೆಯ ಯಂತ್ರದ ಟಿಪಿಎಂನಲ್ಲಿ, ಅಂದರೆ ಬೀಗದ ಕೈ ಕಾಯುವ ಭದ್ರತಾ ಭಾಗದಲ್ಲಿ. ಡಿಸ್ಕನ್ನು ಹೊಸ ಬೋರ್ಡಿಗೆ ಚುಚ್ಚಿದ ಕೂಡಲೇ ಅದು 48 ಅಂಕಿ ಕೇಳುತ್ತದೆ. ಖಾತೆಯ ಪುಟದಲ್ಲಿ ಆ ಅಂಕಿಗಳು ಇದ್ದರೆ ಬದುಕಿದಿರಿ. ಇಲ್ಲದಿದ್ದರೆ ಯಾವ ಅಂಗಡಿಯವರೂ ಅದನ್ನು ಬಿಡಿಸಲಾರರು. ಬಿಡಿಸಿಕೊಡುತ್ತೇನೆಂದು ಹಣ ಕೇಳುವವರನ್ನು ನಂಬಬೇಡಿ.

ಸೆಟ್ಟಿಂಗ್ಸ್‌ನ ‘ಪ್ರೈವಸಿ ಆ್ಯಂಡ್ ಸೆಕ್ಯೂರಿಟಿ’ ಅಡಿಯಲ್ಲಿ ‘ಡಿವೈಸ್ ಎನ್‌ಕ್ರಿಪ್ಷನ್’ ಇದೆ. ಆನ್ ಇದ್ದರೆ ಆಫ್ ಮಾಡಿ, ಪೂರ್ತಿ ಬಿಡಿಸಿ ಮುಗಿಯುವವರೆಗೆ ಕಾಯಿರಿ. ದೊಡ್ಡ ಹಾರ್ಡ್‌ಡಿಸ್ಕಿನಲ್ಲಿ ಇದಕ್ಕೆ ಗಂಟೆಗಳೇ ಹಿಡಿಯಬಹುದು. ಪ್ರೊ ಆವೃತ್ತಿಯಲ್ಲಿ ಕಂಟ್ರೋಲ್ ಪ್ಯಾನೆಲಿನ ಬಿಟ್‌ಲಾಕರ್ ಪುಟವನ್ನೂ ನೋಡಿ. ರಿಕವರಿ ಕೀಯನ್ನು ಹೇಗೂ ಒಂದು ಹಾಳೆಯಲ್ಲಿ ಬರೆದಿಡಿ. ಅದನ್ನು ಅದೇ ಡಿಸ್ಕಿನಲ್ಲಿ ಕಡತವಾಗಿ ಉಳಿಸಿದವರೂ ಇದ್ದಾರೆ.

*ಕನ್ನಡ ಫಾಂಟುಗಳು, ಡಿಟಿಪಿ ತಂತ್ರಾಂಶ.* ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಕರಪತ್ರ ಮಾಡುವ ಅಂಗಡಿಯವರು ಇದನ್ನು ಬಿಡಬೇಡಿ. ಯೂನಿಕೋಡ್ ಪೂರ್ವದ ಫಾಂಟುಗಳಲ್ಲಿ ಮಾಡಿದ ಹಳೆಯ ಕಡತಗಳು ಆ ಫಾಂಟ್ ಇಲ್ಲದೆ ಬರೀ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೆರೆಯುತ್ತವೆ. ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನು ಇಡಿಯಾಗಿ ನಕಲಿಸಿಕೊಳ್ಳಿ. ಡಾಂಗಲ್ (ಪರವಾನಗಿಯ ಗುರುತಿರುವ ಪುಟ್ಟ ಸಾಧನ) ಇಟ್ಟು ಓಡಿಸುವ ತಂತ್ರಾಂಶವಾದರೆ ಡಾಂಗಲ್ ಯಾವ ಬಗೆಯದೆಂದು ನೋಡಿ. ಹಳೆಯ ಪ್ರಿಂಟರ್ ಪೋರ್ಟಿಗೆ ಹಾಕುವಂಥದ್ದಾದರೆ, ಈಗಿನ ಹೆಚ್ಚಿನ ಬೋರ್ಡುಗಳಲ್ಲಿ ಅಂಥ ಕಿಂಡಿಯೇ ಇಲ್ಲ. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ. 16 ಬಿಟ್ ಕಾಲದ ತಂತ್ರಾಂಶ ಅದರಲ್ಲಿ ಓಡುವುದೇ ಇಲ್ಲ. ಇಂಥ ಅಂಗಡಿಗಳಿಗೆ ನನ್ನ ಸಲಹೆ: ಹಳೆಯ ಯಂತ್ರವನ್ನು ಬಿಚ್ಚಬೇಡಿ. ಅಂತರ್ಜಾಲದ ಸಂಪರ್ಕ ತೆಗೆದು ಒಂದು ಮೂಲೆಯಲ್ಲಿ ಇಟ್ಟು ಹಳೆಯ ಕೆಲಸಕ್ಕೆ ಬಳಸಿ.

*ಇನ್‌ಸ್ಟಾಲ್ ಪೆನ್‌ಡ್ರೈವ್.* ಮೈಕ್ರೋಸಾಫ್ಟ್ ತಾಣದಿಂದಲೇ ‘ಮೀಡಿಯಾ ಕ್ರಿಯೇಶನ್ ಟೂಲ್’ ಇಳಿಸಿ ಪೆನ್‌ಡ್ರೈವ್ ತಯಾರಿಸಿ. ಇದು ವಿಂಡೋಸಿನಲ್ಲಿ ಮಾತ್ರ ಓಡುವುದರಿಂದ ಹಳೆಯ ಯಂತ್ರ ಬಿಚ್ಚಿದ ಮೇಲೆ ನೆರೆಮನೆಗೆ ಓಡಬೇಕಾಗುತ್ತದೆ. ಪೆನ್‌ಡ್ರೈವಿನಲ್ಲಿದ್ದದ್ದು ಪೂರ್ತಿ ಅಳಿಯುತ್ತದೆ. ಇಳಿಸುವ ಗಾತ್ರ ದೊಡ್ಡದು, ಮೊಬೈಲ್ ಡೇಟಾದ ದಿನದ ಮಿತಿ ನೋಡಿಕೊಳ್ಳಿ. ಎರಡನೆಯ ಪೆನ್‌ಡ್ರೈವಿಗೆ ಹೊಸ ಮದರ್‌ಬೋರ್ಡ್ ತಯಾರಕರ ತಾಣದಿಂದ ಲ್ಯಾನ್, ವೈಫೈ ಮತ್ತು ಸ್ಟೋರೇಜ್ ಚಾಲಕಗಳನ್ನು ಇಳಿಸಿಡಿ.

ಹಂತ 3: ಹೊಸ ಪರವಾನಗಿ ಕೊಳ್ಳಬೇಕಾದವರಿಗೆ

ಮೂರು ಬಗೆ ಮಾರುಕಟ್ಟೆಯಲ್ಲಿ ಸಿಗುತ್ತವೆ. ರಿಟೇಲ್ ದುಬಾರಿ, ಆದರೆ ಮುಂದೆ ಇನ್ನೊಮ್ಮೆ ಬೋರ್ಡು ಬದಲಾಯಿಸಿದಾಗ ಜೊತೆಗೆ ಬರುತ್ತದೆ. ಅಂಗಡಿಯವರು ‘ಸಿಸ್ಟಂ ಬಿಲ್ಡರ್’ ಎಂದು ಕೊಡುವ ಒಇಎಂ ಅಗ್ಗ, ಆದರೆ ಮೊದಲು ಹಾಕಿದ ಬೋರ್ಡಿಗೇ ಮುಡಿಪು. ತೊಂದರೆ ಬಂದರೆ ನೆರವಾಗಬೇಕಾದವರು ಮಾರಿದವರೇ. ಐದಾರು ವರ್ಷ ಯಂತ್ರ ಮುಟ್ಟುವುದಿಲ್ಲ ಎನ್ನುವವರಿಗೆ ಅದು ಸಾಕು. ಎರಡು ವರ್ಷಕ್ಕೊಮ್ಮೆ ಬೋರ್ಡು ಬದಲಾಯಿಸುವ ಗೇಮರ್ ಹುಡುಗರಿಗೆ ರಿಟೇಲೇ ಲಾಭ.

ಮೂರನೆಯದು ಕೆಲವು ನೂರು ರೂಪಾಯಿಗೆ ವಾಟ್ಸ್ಆ್ಯಪ್‌ನಲ್ಲಿ ಬರುವ ಕೀ. ಇವುಗಳಲ್ಲಿ ಬಹಳಷ್ಟು ಯಾವುದೋ ಸಂಸ್ಥೆಯ ವಾಲ್ಯೂಮ್ ಕೀಗಳು. ಇವತ್ತು ಆಕ್ಟಿವೇಟ್ ಆಗುತ್ತವೆ, ದುರ್ಬಳಕೆ ಗೊತ್ತಾದ ದಿನ ಮೈಕ್ರೋಸಾಫ್ಟ್ ತಡೆಹಿಡಿಯುತ್ತದೆ. ಆಗ ಮಾರಿದವನ ನಂಬರು ಸ್ವಿಚ್ ಆಫ್. ಗುರುತುಗಳು ಇವು: ಬಿಲ್ ಕೊಡುವುದಿಲ್ಲ, ಪ್ರೊ ಕೀ ಹೋಮ್ ಕೀಗಿಂತ ಅಗ್ಗ, ‘ಇಪ್ಪತ್ನಾಲ್ಕು ಗಂಟೆಯೊಳಗೆ ಹಾಕಿ’ ಎಂಬ ಅವಸರ.

ಇನ್ನು ‘ಕ್ರ್ಯಾಕ್’ ತಂತ್ರಾಂಶಗಳು, ಅಂದರೆ ಪರವಾನಗಿಯಿಲ್ಲದೆ ಆಕ್ಟಿವೇಟ್ ಮಾಡಿಸುವಂಥವು. ಓಡಿಸುವ ಮೊದಲು ಆ್ಯಂಟಿವೈರಸ್ ಆರಿಸಿ ಎಂದು ಹೇಳುವ ಯಾವುದನ್ನೂ ಬ್ಯಾಂಕ್ ವ್ಯವಹಾರ ನಡೆಸುವ ಯಂತ್ರಕ್ಕೆ ಹಾಕಬೇಡಿ. ಹಣ ಸದ್ಯಕ್ಕಿಲ್ಲದಿದ್ದರೆ ಆಕ್ಟಿವೇಟ್ ಮಾಡದೆ ಸ್ವಲ್ಪ ದಿನ ಓಡಿಸುವುದು ಅದಕ್ಕಿಂತ ಎಷ್ಟೋ ಮೇಲು. ಮೂಲೆಯ ಬರಹ ಇರುತ್ತದೆ, ಹಿನ್ನೆಲೆ ಚಿತ್ರ ಬದಲಾಯಿಸಲು ಬಿಡುವುದಿಲ್ಲ, ಆದರೆ ಭದ್ರತಾ ನವೀಕರಣಗಳು ಬರುತ್ತವೆ. ಇದು ತಾತ್ಕಾಲಿಕ ವ್ಯವಸ್ಥೆ, ಪರವಾನಗಿಗೆ ಬದಲಿಯಲ್ಲ.

ಮಂಗಳೂರಿನಲ್ಲಿ ಕೊಳ್ಳುವವರು ಬಿಲ್ಲಿನಲ್ಲಿ ವಿಂಡೋಸನ್ನು ಪ್ರತ್ಯೇಕ ಸಾಲಾಗಿ ಬರೆಸಿಕೊಳ್ಳಿ. ‘ಸಾಫ್ಟ್‌ವೇರ್ ಸಹಿತ’ ಎಂದು ಒಟ್ಟು ಮೊತ್ತ ಮಾತ್ರ ಬರೆದ ಬಿಲ್ಲಿನಿಂದ ನಾಳೆ ಏನನ್ನೂ ಸಾಬೀತು ಮಾಡಲಾಗದು.

ಹಂತ 4: ಹೊಸ ಬೋರ್ಡಿನ ಬಯೋಸ್

ವಿಂಡೋಸ್ 11ಕ್ಕೆ ಬೇಕಾದವು: 64 ಬಿಟ್ಟಿನ, ಕನಿಷ್ಠ ಎರಡು ಕೋರ್‌ಗಳ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಯುಇಎಫ್‌ಐ (ಬಯೋಸಿನ ಹೊಸ ರೂಪ), ಸೆಕ್ಯೂರ್ ಬೂಟ್ (ನಂಬಬಹುದಾದ ತಂತ್ರಾಂಶಕ್ಕೆ ಮಾತ್ರ ಯಂತ್ರ ಏಳಿಸಲು ಬಿಡುವ) ಸಾಮರ್ಥ್ಯ, ಟಿಪಿಎಂ 2.0. ಪ್ರೊಸೆಸರ್ ಪಟ್ಟಿ ಸ್ಥೂಲವಾಗಿ ಇಂಟೆಲ್ 8ನೆಯ ತಲೆಮಾರಿನಿಂದ, ಎಎಂಡಿ ರೈಝೆನ್ 2000 ಸರಣಿಯಿಂದ ಶುರು. ಸೆಕೆಂಡ್ ಹ್ಯಾಂಡ್ ಪ್ರೊಸೆಸರ್ ಕೊಳ್ಳುವವರು ಮಾದರಿ ಸಂಖ್ಯೆಯನ್ನು ಮೈಕ್ರೋಸಾಫ್ಟ್ ಪಟ್ಟಿಯಲ್ಲಿ ನೋಡಿಯೇ ಹಣ ಕೊಡಿ. 4 ಜಿಬಿ ಎಂಬುದು ಕಾಗದದ ಮೇಲಿನ ಕನಿಷ್ಠ. 8ಕ್ಕಿಂತ ಕಡಿಮೆ ಹಾಕಿ ಆಮೇಲೆ ನಿಧಾನವೆಂದು ಬೈಯಬೇಡಿ.

ಟಿಪಿಎಂಗೆ ಪ್ರತ್ಯೇಕ ಚಿಪ್ ಕೊಳ್ಳಬೇಕಾಗಿಲ್ಲ. ಪ್ರೊಸೆಸರಿನೊಳಗೇ ಇದೆ. ಬಯೋಸ್‌ನಲ್ಲಿ ಇಂಟೆಲ್ ಬೋರ್ಡಾದರೆ ‘ಪಿಟಿಟಿ’, ಎಎಂಡಿ ಆದರೆ ‘ಎಫ್‌ಟಿಪಿಎಂ’ ಎಂಬುದನ್ನು ಹುಡುಕಿ ಆನ್ ಮಾಡಿ.

ಇಲ್ಲಿನ ಕ್ರಮ: ಮೊದಲು ಬಯೋಸ್ ನವೀಕರಣ, ನಂತರ ಟಿಪಿಎಂ ಆನ್, ನಂತರ ‘ಸಿಎಸ್‌ಎಂ’ (ಹಳೆಯ ಬೂಟ್ ಪದ್ಧತಿಗೆ ಹೊಂದಿಸುವ ಸೆಟ್ಟಿಂಗ್) ಆಫ್, ಕೊನೆಗೆ ಸೆಕ್ಯೂರ್ ಬೂಟ್. ನವೀಕರಣವನ್ನು ಮೊದಲು ಮಾಡಬೇಕೆನ್ನುವುದಕ್ಕೆ ಕಾರಣ, ಅದು ಸಾಮಾನ್ಯವಾಗಿ ಉಳಿದ ಸೆಟ್ಟಿಂಗುಗಳನ್ನು ಮೊದಲಿನ ಸ್ಥಿತಿಗೆ ತಳ್ಳಿಬಿಡುತ್ತದೆ. ವಿಂಡೋಸ್ ಹಾಕಿ ಬಿಟ್‌ಲಾಕರ್ ಆನ್ ಆದ ಮೇಲೆ ನವೀಕರಿಸಿದರೆ ರಿಕವರಿ ಕೀ ಕೇಳುವ ಅಪಾಯವೂ ಇದೆ.

ಸಿಎಸ್‌ಎಂ ಆಫ್ ಮಾಡಿದ ಕೂಡಲೇ ಪರದೆ ಕಪ್ಪಾಗಿ ಉಳಿದರೆ ಬೋರ್ಡು ಸತ್ತಿಲ್ಲ. ಬಹಳ ಹಳೆಯ ಗ್ರಾಫಿಕ್ಸ್ ಕಾರ್ಡ್ ಹಾಕಿದ್ದೀರಿ. ಅದಕ್ಕೆ ಯುಇಎಫ್‌ಐ ತಿಳಿಯದು. ಬೋರ್ಡಿನ ಕೈಪಿಡಿ ನೋಡಿ ಸಿಮೋಸ್ ಕ್ಲಿಯರ್ ಮಾಡಿ (ಬಯೋಸ್ ಸೆಟ್ಟಿಂಗುಗಳನ್ನು ಮೊದಲಿನ ಸ್ಥಿತಿಗೆ ತಂದು), ಕಾರ್ಡು ತೆಗೆದು, ಪ್ರೊಸೆಸರಿನ ಒಳ ಗ್ರಾಫಿಕ್ಸ್ ಇದ್ದರೆ ಅದರಿಂದ ಮುಂದುವರಿಯಿರಿ.

ಹಂತ 5: ಇನ್‌ಸ್ಟಾಲ್

ವಿಂಡೋಸ್ ಹೋಗಬೇಕಾದ ಡಿಸ್ಕ್ ಒಂದನ್ನೇ ಜೋಡಿಸಿ. ಉಳಿದವುಗಳ ತಂತಿ ಕಿತ್ತಿಡಿ. ಹಳೆಯ ಡಿಸ್ಕೂ ಜೊತೆಗಿದ್ದರೆ ಬೂಟ್ ಮಾಡುವ ಕಡತಗಳು ಅದರಲ್ಲಿರುವ ಹಳೆಯ ಪಾರ್ಟಿಶನ್ನಿಗೇ (ಡಿಸ್ಕಿನ ಭಾಗಕ್ಕೇ) ಹೋಗಿ ಕೂರಬಹುದು. ಎಲ್ಲ ಸರಿಯಾಗಿದೆಯೆಂದು ತಿಂಗಳ ನಂತರ ಹಳೆಯ ಡಿಸ್ಕ್ ತೆಗೆದ ದಿನ ಕಂಪ್ಯೂಟರ್ ಏಳುವುದಿಲ್ಲ.

ಡಿಸ್ಕ್ ಪಟ್ಟಿ ಖಾಲಿ ಕಂಡರೆ ಎಸ್‌ಎಸ್‌ಡಿ ಹಾಳಾಗಿದೆಯೆಂದು ಅಂಗಡಿಗೆ ಓಡಬೇಡಿ. ಇಂಟೆಲ್ 11ನೆಯ ತಲೆಮಾರಿನಿಂದ ಈಚಿನ ಯಂತ್ರಗಳಲ್ಲಿ ‘ವಿಎಂಡಿ’ ಎಂಬ ಡಿಸ್ಕ್ ನಿರ್ವಹಣೆಯ ಸೆಟ್ಟಿಂಗ್ ಆನ್ ಇದ್ದರೆ ಹೀಗಾಗುತ್ತದೆ. ಎರಡನೆಯ ಪೆನ್‌ಡ್ರೈವಿನಿಂದ ಸ್ಟೋರೇಜ್ ಚಾಲಕ ಕೊಡಿ, ಅಥವಾ ಬಯೋಸ್‌ನಲ್ಲಿ ವಿಎಂಡಿ ಆಫ್ ಮಾಡಿ. ಆಫ್ ಮಾಡುವುದಾದರೆ ಈಗಲೇ; ಇನ್‌ಸ್ಟಾಲ್ ಆದ ಮೇಲೆ ಬದಲಾಯಿಸಿದರೆ ವಿಂಡೋಸ್ ಏಳುವುದಿಲ್ಲ. ಡಿಸ್ಕ್ ‘ಎಂಬಿಆರ್’ (ಡಿಸ್ಕ್ ಭಾಗ ಮಾಡುವ ಹಳೆಯ ಪದ್ಧತಿ) ಎಂದು ಹೇಳಿ ಮುಂದೆ ಬಿಡದಿದ್ದರೆ, ಡಿಸ್ಕಿನಲ್ಲಿ ಬೇಕಾದ್ದೇನೂ ಇಲ್ಲವೆಂದು ಎರಡು ಸಲ ಖಚಿತಪಡಿಸಿಕೊಂಡು ಎಲ್ಲ ಪಾರ್ಟಿಶನ್ ಅಳಿಸಿ, ಖಾಲಿ ಜಾಗವನ್ನೇ ಆರಿಸಿ.

ಕೀ ಕೇಳುವ ಕಡೆ, ಹಳೆಯ ಡಿಜಿಟಲ್ ಪರವಾನಗಿ ದಾಟಿಸುವವರು ‘ಪ್ರಾಡಕ್ಟ್ ಕೀ ಇಲ್ಲ’ ಎಂಬುದನ್ನು ಒತ್ತಿ. ನಂತರದ ಪಟ್ಟಿಯಲ್ಲಿ ಹಂತ 1ರಲ್ಲಿ ಬರೆದುಕೊಂಡ ಆವೃತ್ತಿಯನ್ನೇ ಆರಿಸಿ. ‘ಪ್ರೊ ಇದ್ದರೆ ಒಳ್ಳೆಯದಲ್ಲವೇ’ ಎಂದು ಆರಿಸಿದವರಿಗೆ ಒಂದು ಮಾತು: ಹೋಮಿನಿಂದ ಪ್ರೊಗೆ ಕೀ ಹಾಕಿ ಏರಬಹುದು, ಪ್ರೊನಿಂದ ಹೋಮಿಗೆ ಇಳಿಯಬೇಕಾದರೆ ಮತ್ತೆ ಮೊದಲಿನಿಂದ ಇನ್‌ಸ್ಟಾಲ್ ಮಾಡಬೇಕು.

ಹೋಮ್ ಆವೃತ್ತಿ ಕೊನೆಯಲ್ಲಿ ಅಂತರ್ಜಾಲ ಕೇಳುತ್ತದೆ. ಹೊಸ ಬೋರ್ಡಿನ ಲ್ಯಾನ್, ವೈಫೈ ಎರಡೂ ಕಾಣದಿದ್ದರೆ ಆಂಡ್ರಾಯ್ಡ್ ಮೊಬೈಲನ್ನು ಯುಎಸ್‌ಬಿ ಕೇಬಲಿನಲ್ಲಿ ಜೋಡಿಸಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಸಾಮಾನ್ಯವಾಗಿ ಚಾಲಕ ಇಲ್ಲದೆಯೇ ಸಂಪರ್ಕ ಸಿಗುತ್ತದೆ.

ಹಂತ 6: ಆಕ್ಟಿವೇಶನ್

ಹಳೆಯ ಯಂತ್ರದಲ್ಲಿ ಜೋಡಿಸಿದ ಅದೇ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿ. ದಿನಾಂಕ, ಗಂಟೆ ಸರಿಯಿದೆಯೇ ನೋಡಿ. ಗಡಿಯಾರ ವರ್ಷಗಟ್ಟಲೆ ಹಿಂದಿದ್ದರೂ ಆಕ್ಟಿವೇಶನ್ ವಿಫಲವಾಗುತ್ತದೆ. ನಂತರ ಆಕ್ಟಿವೇಶನ್ ಪುಟದಲ್ಲಿ ‘ಟ್ರಬಲ್‌ಶೂಟ್’ ಒತ್ತಿ. ಅದು ಹುಡುಕಿ ಸರಿಪಡಿಸಲಾಗಲಿಲ್ಲ ಎನ್ನುತ್ತದೆ. ಹೆಚ್ಚಿನವರು ಇಲ್ಲೇ ಕಿಟಕಿ ಮುಚ್ಚಿಬಿಡುತ್ತಾರೆ. ಮುಚ್ಚಬೇಡಿ. ಕೆಳಗೆ, ಈಚೆಗೆ ಯಂತ್ರಾಂಶ ಬದಲಾಯಿಸಿದ್ದೇನೆ ಎಂಬ ಅರ್ಥದ ಸಣ್ಣ ಕೊಂಡಿ ಇರುತ್ತದೆ. ಅದನ್ನು ಒತ್ತಿದರೆ ನಿಮ್ಮ ಖಾತೆಯ ಯಂತ್ರಗಳ ಪಟ್ಟಿ ಬರುತ್ತದೆ. ಹೆಸರು ಕೊಟ್ಟಿದ್ದ ಹಳೆಯ ಕಂಪ್ಯೂಟರನ್ನು ಆರಿಸಿ, ಈಗ ಬಳಸುತ್ತಿರುವುದು ಇದೇ ಎಂಬ ಚೌಕಕ್ಕೆ ಗುರುತು ಹಾಕಿ, ಆಕ್ಟಿವೇಟ್ ಒತ್ತಿ.

ರಿಟೇಲ್ ಕೀ ಕೈಯಲ್ಲಿರುವವರು ಇಷ್ಟು ಸುತ್ತಬೇಕಾಗಿಲ್ಲ, ‘ಚೇಂಜ್ ಪ್ರಾಡಕ್ಟ್ ಕೀ’ ಒತ್ತಿ ಹಾಕಿದರಾಯಿತು. ಹಳೆಯ ಯಂತ್ರವನ್ನು ಇನ್ನೊಬ್ಬರಿಗೆ ಕೊಡುವುದಾದರೆ ಅದರಿಂದ ಕೀ ತೆಗೆಯಲೇಬೇಕು: ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಕಿಟಕಿಯಲ್ಲಿ ಹಂತ 1ರ ಅದೇ ಐದಕ್ಷರ, ಓರೆಗೆರೆ, ಯು, ಪಿ, ಕೆ. ಇದು ಆ ಯಂತ್ರದಿಂದ ಮಾತ್ರ ಕೀ ಅಳಿಸುತ್ತದೆ, ಮೈಕ್ರೋಸಾಫ್ಟ್ ಸರ್ವರಿಗೆ ಸುದ್ದಿ ಮುಟ್ಟಿಸುವುದಿಲ್ಲ.

ತಪ್ಪು ಸಂಖ್ಯೆ ಬಂದರೆ ಕೊನೆಯ ನಾಲ್ಕು ಅಕ್ಷರ ನೋಡಿ. ಎಫ್211 ಎಂದರೆ ಯಂತ್ರಾಂಶ ಬದಲಾಗಿದೆ. ಮೇಲಿನ ಕೊಂಡಿಯ ದಾರಿ ಹಿಡಿಯಿರಿ. ಸಿ008 ಎಂದರೆ ಆ ಕೀ ಬೇರೆ ಯಂತ್ರದಲ್ಲಿ ಬಳಕೆಯಾಗಿದೆ ಅಥವಾ ಮಿತಿ ಮೀರಿದೆ. ನಿಜವಾದ ರಿಟೇಲ್ ಆಗಿದ್ದರೆ ಬಿಲ್ ಹಿಡಿದು ಮೈಕ್ರೋಸಾಫ್ಟ್ ಸಹಾಯ ವಿಭಾಗವನ್ನು ಸಂಪರ್ಕಿಸಿ. ಸಿ003 ಎಂದರೆ ಕೀಯನ್ನು ತಡೆಹಿಡಿಯಲಾಗಿದೆ. ಅಗ್ಗದ ಕೀ ಕೊಂಡವರು ಇದನ್ನು ಕಾಣುತ್ತಾರೆ, ಮದ್ದಿಲ್ಲ. ಎಫ್074 ಎಂದರೆ ಸಂಸ್ಥೆಯ ಸರ್ವರ್ ಸಿಗುತ್ತಿಲ್ಲ, ಅರ್ಥಾತ್ ನಿಮಗೆ ವಾಲ್ಯೂಮ್ ಕೀ ಕಟ್ಟಿದ್ದಾರೆ. ಎಫ್050 ಎಂದರೆ ಕೀಯೇ ಸರಿಯಿಲ್ಲ. ಎಂಟನ್ನು ಬಿ ಎಂದು ಓದಿದ್ದೀರೋ ನೋಡಿ.

ಹಂತ 7: ಬೋರ್ಡು ಬದಲಿಸದೆ 10ರಿಂದ 11ಕ್ಕೆ ಏರುವವರಿಗೆ

ವಿಂಡೋಸ್ 10ಕ್ಕೆ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 22ಎಚ್2 ಆವೃತ್ತಿಯಲ್ಲಿರುವ ಮನೆಬಳಕೆಯ ಯಂತ್ರಗಳಿಗೆ ನೋಂದಣಿ ಮಾಡಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ನವೀಕರಣ ಕೊಡುವ ಏರ್ಪಾಟನ್ನು ಮೈಕ್ರೋಸಾಫ್ಟ್ ಘೋಷಿಸಿತು. ಹೊಸ ಯಂತ್ರಕ್ಕೆ ಈಗ 10 ಹಾಕುವುದರಲ್ಲಿ ಅರ್ಥವಿಲ್ಲ.

ಯಂತ್ರ ಅರ್ಹವಾಗಿದ್ದರೆ 11ಕ್ಕೆ ಹಣ ಕೊಡಬೇಕಾಗಿಲ್ಲ. 10ರ ಆಕ್ಟಿವೇಶನ್ ಹಾಗೆಯೇ ಮುಂದುವರಿಯುತ್ತದೆ. ‘ಪಿಸಿ ಹೆಲ್ತ್ ಚೆಕ್’ ಓಡಿಸಿ ಅರ್ಹತೆ ನೋಡಿ. ಡಿಸ್ಕ್ ಎಂಬಿಆರ್ ಮಾದರಿಯಲ್ಲಿದ್ದರೆ ವಿಂಡೋಸಿನಲ್ಲೇ ಇರುವ ‘ಎಂಬಿಆರ್ 2 ಜಿಪಿಟಿ’ ಉಪಕರಣದಿಂದ ಕಡತ ಕಳೆಯದೆ ಪರಿವರ್ತಿಸಬಹುದು. ಆದರೆ ನಕಲು ತೆಗೆಯದೆ ಮುಟ್ಟಬೇಡಿ, ಮೊದಲು ಪರೀಕ್ಷಾ ಆಯ್ಕೆಯಲ್ಲಿ ಓಡಿಸಿ ಆಮೇಲೆ ಪರಿವರ್ತಿಸಿ, ಪರಿವರ್ತನೆಯಾದ ತಕ್ಷಣ ಬಯೋಸ್‌ನಲ್ಲಿ ಯುಇಎಫ್‌ಐಗೆ ಬದಲಾಯಿಸಿ. 32 ಬಿಟ್ ವಿಂಡೋಸ್ 10 ಇದ್ದವರಿಗೆ ನೇರ ಏರಿಕೆ ಇಲ್ಲ, ಹೊಸದಾಗಿಯೇ ಹಾಕಬೇಕು. ಏರಿದ ಮೇಲೆ ಇಷ್ಟವಾಗದಿದ್ದರೆ ಹಿಂದಿರುಗಲು 10 ದಿನ ಅವಕಾಶ. ಆ ಅವಧಿಯಲ್ಲಿ ಜಾಗ ಸಾಲದೆಂದು ಹಳೆಯ ವಿಂಡೋಸ್ ಫೋಲ್ಡರ್ ಅಳಿಸಿದರೆ ದಾರಿ ಮುಚ್ಚಿತು.

ಅರ್ಹತೆ ಇಲ್ಲದ ಯಂತ್ರಕ್ಕೆ ತಪಾಸಣೆ ತಪ್ಪಿಸಿ 11 ಹಾಕುವ ಉಪಾಯಗಳನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಅಂಥ ಯಂತ್ರಗಳಿಗೆ ನವೀಕರಣದ ಭರವಸೆ ಕೊಡುವುದಿಲ್ಲವೆಂದು ಮೈಕ್ರೋಸಾಫ್ಟ್ ಹೇಳಿದೆ.

ಹಂತ 8: ಕನ್ನಡದ ಏರ್ಪಾಟು

ಸಿಂಗಲ್ ಲ್ಯಾಂಗ್ವೇಜ್ ಆವೃತ್ತಿಯಲ್ಲಿ ಕನ್ನಡ ಬರೆಯಲಾಗದೆಂಬ ತಪ್ಪು ತಿಳಿವಳಿಕೆ ಇದೆ. ಅಲ್ಲಿ ಬೀಗ ಹಾಕಿರುವುದು ಮೆನುಗಳ ಭಾಷೆಗೆ ಮಾತ್ರ. ಕನ್ನಡ, ಮಲಯಾಳಂ ಕೀಲಿಮಣೆಗಳನ್ನು ಬೇಕಾದಷ್ಟು ಸೇರಿಸಿಕೊಳ್ಳಬಹುದು. ಇನ್‌ಸ್ಕ್ರಿಪ್ಟ್ ಅಲ್ಲದೆ ಉಚ್ಚಾರಣೆಯ ಪ್ರಕಾರ ಬರೆಯುವ ಕೀಲಿಮಣೆಯೂ ಇದೆ. ಹಳೆಯ ಕಡತಗಳಲ್ಲಿ ಬಳಸಿದ ತುಂಗಾ ಫಾಂಟ್ ಕಾಣದಿದ್ದರೆ ಅದು ಕಳೆದುಹೋಗಿಲ್ಲ: ‘ಆಪ್ಷನಲ್ ಫೀಚರ್ಸ್’ ಪಟ್ಟಿಯಲ್ಲಿ ಕನ್ನಡದ ಹೆಚ್ಚುವರಿ ಫಾಂಟುಗಳೆಂಬುದನ್ನು ಸೇರಿಸಿಕೊಳ್ಳಿ.

ವಿಂಡೋಸ್ ಬೇಡ ಎನ್ನುವವರಿಗೆ

ಪರವಾನಗಿಗೆ ಹಣವಿಲ್ಲ, ಯಂತ್ರ 11ಕ್ಕೆ ಒಗ್ಗುವುದಿಲ್ಲ ಎಂದಾದರೆ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆ ಇದೆ. ಇಲ್ಲಿನ ಮಕ್ಕಳಿಗೆ ಅದು ಅಪರಿಚಿತವಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮ ಸೇರಿದಂತೆ ಕೇರಳದ ಸರಕಾರಿ ಶಾಲೆಗಳಲ್ಲಿ ಅವರು ಕಲಿಯುವುದು ಉಬುಂಟು ಆಧಾರಿತ ಕೈಟ್ ಗ್ನು/ಲಿನಕ್ಸಿನಲ್ಲೇ. ಕೀ ಇಲ್ಲ, ಆಕ್ಟಿವೇಶನ್ ಇಲ್ಲ, ಬೋರ್ಡು ಎಷ್ಟು ಸಲ ಬದಲಾಯಿಸಿದರೂ ಯಾರೂ ಕೇಳುವುದಿಲ್ಲ. ಪತ್ರ ಬರೆಯಲು, ಬ್ರೌಸರಿನಲ್ಲಿ ಬ್ಯಾಂಕ್ ಕೆಲಸಕ್ಕೆ, ಮಕ್ಕಳ ಪಾಠಕ್ಕೆ ಧಾರಾಳ ಸಾಕು. ಡಿಟಿಪಿ ಅಂಗಡಿಗೆ, ವಿಂಡೋಸಿಗೆಂದೇ ಮಾಡಿದ ಲೆಕ್ಕದ ತಂತ್ರಾಂಶ ಬಳಸುವವರಿಗೆ ಸಾಲದು.

ಎರಡೂ ಬೇಕೆನ್ನುವವರು ವಿಂಡೋಸನ್ನು ಮೊದಲು ಹಾಕಿ, ಲಿನಕ್ಸನ್ನು ನಂತರ, ಸಾಧ್ಯವಿದ್ದರೆ ಬೇರೆಯೇ ಡಿಸ್ಕಿಗೆ ಹಾಕಿ. ಬೂಟ್ ವ್ಯವಸ್ಥೆ ಬದಲಾಗುವುದರಿಂದ ವಿಂಡೋಸ್ ಮುಂದಿನ ಸಲ ಏಳುವಾಗ ಬಿಟ್‌ಲಾಕರ್ ಕೀ ಕೇಳಬಹುದು. ಹೊಸ ಯಂತ್ರದ ರಿಕವರಿ ಕೀ ಬೇರೆ, ಹಳೆಯ ಹಾಳೆಯಲ್ಲಿರುವುದು ಇದಕ್ಕೆ ಹೊಂದುವುದಿಲ್ಲ. ಖಾತೆಯ ಪುಟದಿಂದ ಹೊಸದನ್ನು ಬರೆದುಕೊಂಡ ಮೇಲೆಯೇ ಲಿನಕ್ಸ್ ಪೆನ್‌ಡ್ರೈವ್ ಚುಚ್ಚಿ.